ಕೊರಳ ಹಿಂದಿನ ಕೈ

ಇಂಥದ್ದೊಂದನ್ನು ನಾನು ಬರೆಯುತ್ತೇನೆಂದು ಕಾಲೇಜಿನ ದಿನಗಳಲ್ಲಿ ಯಾರಾದರೂ ಹೇಳಿದ್ದರೆ ಅವರನ್ನು ಕನಿಕರದಿಂದ ನೋಡುತ್ತಿದ್ದೆ. ಹೈದರಾಬಾದಿನಲ್ಲಿ ಬಿ.ಎ.ಗೆ ನಾನು ಓದಿದ್ದು ತರ್ಕಶಾಸ್ತ್ರ. ಉರ್ದುವಿನಲ್ಲಿ ಕಲಿತೆ, ಉರ್ದುವಿನಲ್ಲೇ ಪರೀಕ್ಷೆ ಬರೆದೆ. ಹಾಸ್ಟೆಲಿನ ಹುಡುಗಿಯರು ದೀಪ ಸಣ್ಣಗೆ ಮಾಡಿ ದೆವ್ವದ ಕತೆ ಹೇಳುವಾಗ, ಕಂಡವರು ಯಾರು, ಎಷ್ಟು ದೂರದಿಂದ ಕಂಡರು, ಆಗ ಬೆಳಕು ಎಷ್ಟಿತ್ತು ಎಂದು ಕೇಳಿ ಅವರ ಸುಖ ಕೆಡಿಸುತ್ತಿದ್ದವಳು ನಾನೇ. ಆಮೇಲೆ ಅವರು ನನ್ನನ್ನು ಕರೆಯುವುದನ್ನೇ ಬಿಟ್ಟರು.

ಏಳು ವರ್ಷದ ಹಿಂದೆ ಮಸ್ಕಿಯಲ್ಲಿ ನಡೆದದ್ದನ್ನು ಇದುವರೆಗೆ ನಾನು ಯಾರಿಗೂ ಹೇಳಿಲ್ಲ. ನಡೆದದ್ದು ವೈಶಾಖದ ಒಂದು ಮಧ್ಯಾಹ್ನ, ಸುಣ್ಣ ಬಳಿದ ಒಂದು ಕೋಣೆಯಲ್ಲಿ. ಕತ್ತಲೆಯಿರಲಿಲ್ಲ, ನನಗೆ ಜ್ವರವಿರಲಿಲ್ಲ, ನಾನು ಹೆದರಿರಲೂ ಇಲ್ಲ. ಓದುವವರು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟರೆ ನನ್ನ ಪಾಲಿನ ಕೆಲಸ ಮುಗಿಯುತ್ತದೆ.

ಮಸ್ಕಿ ತುಂಗಾಬಾಯಿಯ ಹೆಸರು ಈಗ ಎಷ್ಟು ಜನರಿಗೆ ನೆನಪಿದೆಯೋ ತಿಳಿಯದು. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಗ್ರಾಮೋಫೋನ್ ಇದ್ದ ಮನೆಗಳಲ್ಲಿ ಆಕೆಯ ಪ್ಲೇಟು ಒಂದಾದರೂ ಇರುತ್ತಿತ್ತು. ಮುದಗಲ್ಲಿನಲ್ಲಿ ನಮ್ಮ ಸೋದರಮಾವನ ಮನೆಗೆ ಹೋದಾಗ, ಊಟವಾದ ಮೇಲೆ ಅವರು ಪೆಟ್ಟಿಗೆಗೆ ಕೀಲಿ ಕೊಟ್ಟು ಆಕೆಯ ಹಾಡು ಹಚ್ಚುತ್ತಿದ್ದರು. ಸಿಂಧನೂರಿನ ಒಂದು ನಾಟಕ ಮಂಡಳಿಯಲ್ಲಿ ಹನ್ನೆರಡನೆಯ ವಯಸ್ಸಿಗೆ ರಂಗ ಹತ್ತಿದವಳು ಆಕೆ. ಅದೇ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಗೋವಿಂದಪ್ಪ ಎಂಬುವನನ್ನು ಮದುವೆಯಾದಳು. ಹದಿನೆಂಟನೆಯ ವಯಸ್ಸಿಗೆ ಹೈದರಾಬಾದಿಗೆ ಹೋಗಿ ಮೊದಲ ಸಲ ಪ್ಲೇಟಿಗೆ ಹಾಡಿದಳು. ಮುಂದೆ ಇಪ್ಪತ್ತೆರಡು ಪ್ಲೇಟುಗಳು ಬಂದವು. ಗಂಡ ಸತ್ತ ಮೇಲೆ ಒಂದೂ ಬರಲಿಲ್ಲ. ಮಸ್ಕಿಯ ತನ್ನ ಮನೆಗೆ ಬಂದು ಸೇರಿಕೊಂಡಳೆಂದೂ ಜೊತೆಗೆ ತಮ್ಮನೊಬ್ಬನಿದ್ದಾನೆಂದೂ ಕೇಳಿದ್ದೆವು, ಅಷ್ಟೆ.

ನಾನು ಆಗ ಲಿಂಗಸೂಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬೇಸಿಗೆಯ ಸೂಟಿಯಲ್ಲಿ ಕಾಲೇಜಿನ ಗೆಳತಿ ಶಾರದೆಯ ಕಾಗದ ಬಂತು. ಅವಳಿಗೆ ಹೈದರಾಬಾದಿನ ರೇಡಿಯೋದಲ್ಲಿ ಕನ್ನಡ ಕಾರ್ಯಕ್ರಮದ ಕೆಲಸ ಸಿಕ್ಕಿತ್ತು. ಹಳೆಯ ಪ್ಲೇಟಿನ ಗಾಯಕಿಯರನ್ನು ಕರೆಸಬೇಕೆಂದಿದ್ದೇವೆ, ತುಂಗಾಬಾಯಿಯ ಧ್ವನಿ ಇನ್ನೂ ಇದೆಯೋ ಹೋಗಿದೆಯೋ ನೀನು ಕೇಳಿ ಬಂದು ಬರೆ, ಇದ್ದರೆ ಕಾಲು ಗಂಟೆ ಹಾಡಿಸುತ್ತೇವೆ, ಚೆನ್ನಾದರೆ ತಿಂಗಳಿಗೊಮ್ಮೆ ಕರೆಯುತ್ತೇವೆ, ಬಾಯಿಯವರು ಇಲ್ಲೇ ಇರಬೇಕೆಂದರೆ ವಸತಿಗೂ ನೋಡಬಹುದು ಎಂದು ಬರೆದಿದ್ದಳು. ನನಗೆ ಸಂಗೀತ ತಿಳಿಯದೆಂದು ಅವಳಿಗೆ ಗೊತ್ತಿತ್ತು. 'ನಿನಗೆ ತಿಳಿಯದು, ಆದ್ದರಿಂದ ಹೊಗಳುವುದಿಲ್ಲ, ಅದಕ್ಕೇ ನಿನ್ನನ್ನು ಕಳಿಸುತ್ತಿರುವುದು' ಎಂಬ ಸಾಲೂ ಅದರಲ್ಲಿತ್ತು.

ಮುಂಜಾನೆಯ ಮೋಟಾರಿಗೆ ಹೊರಟು ಮಸ್ಕಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಮನೆ ಪೇಟೆಯ ಹಿಂದೆ, ಗುಡ್ಡದ ಕಡೆಗೆ. ತುಂಗಾಬಾಯಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಲವತ್ತರ ಆಚೀಚಿನ ವಯಸ್ಸು, ಎತ್ತರದ ಆಳು. ಬಲಗಡೆಯ ಕೊರಳೆಲುಬು ಮುರಿದು ಸೊಟ್ಟಗೆ ಕೂಡಿಕೊಂಡದ್ದು ಸೆರಗಿನ ಮೇಲಿಂದಲೂ ಕಾಣುತ್ತಿತ್ತು. ತಮ್ಮ ಶೇಷಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಪೇಟೆಯಲ್ಲಿ ಅರಳೆಯ ಅಂಡಿಗೆ, ಆಳೆತ್ತರದ ಮೂಟೆ, ಬಂಡಿಗೆ ಹೊತ್ತು ಬೆಳೆದ ಮೈ. ನಾನು ಬಂದ ಕಾರಣ ಹೇಳಿದ್ದಕ್ಕೆ ಅವನೇ ಮೊದಲು ಉತ್ತರ ಕೊಟ್ಟ.

"ಬಿಸಲಾಗ ಸುಮ್ನ ಬಂದ್ರಿ ಅಕ್ಕೋರ. ಈಕಿ ಗಂಡ, ನಮ್ಮ ಮಾವ, ಸತ್ತ ದಿನಾನ ಈಕಿ ದನಿನೂ ಸತ್ತೈತಿ."

"ಸತ್ತೈತೋ ಜೀವ ಐತೋ ಅಂತ ನೋಡಾಕನ ಅವರು ಬಂದಾರ," ಎಂದಳು ತುಂಗಾಬಾಯಿ, ಮೊರದಿಂದ ಕಣ್ಣೆತ್ತದೆ. "ನೀ ಯಾಕ ಹೆಣಾ ಹೊರಾಕ ನಿಂತೀಯೋ?"

ಅವನು ಪಕ್ಕದಲ್ಲಿದ್ದ ತಾಮ್ರದ ತಂಬಿಗೆ ಎತ್ತಿ ಅಕ್ಕನ ಮೇಲೆ ಬೀಸಿ ಒಗೆದ. ಅದು ಅವಳ ಭುಜಕ್ಕೆ ಬಡಿದು, ಜೋಳ ಚೆಲ್ಲಿ, ಬಾಗಿಲವರೆಗೆ ಉರುಳಿ ಹೋಯಿತು. ಅವಳು ತಿರುಗಿಯೂ ನೋಡಲಿಲ್ಲ. ನನ್ನ ಮುಖ ನೋಡಿ, "ಯಾಕ್ರಿ, ಲಿಂಗಸೂಗೂರಾಗ ತಂಬಿಗಿ ಹಾರಂಗಿಲ್ಲೇನು?" ಎಂದು ನಕ್ಕಳು. ನಾನು ಎದ್ದು ಹೋಗಿ ತಂಬಿಗೆ ತಂದಿಟ್ಟೆ. ಇಂಥ ಗಳಿಗೆಯಲ್ಲಿ ಏನಾದರೊಂದು ಅಚ್ಚುಕಟ್ಟು ಮಾಡುವುದು ನನ್ನ ರೂಢಿ.

ಹಾಡಿ ತೋರಿಸಿ ಎಂದು ಕೇಳಿದಾಗ ಆಕೆ ತನ್ನ ತೊಡಕನ್ನು ಹೇಳಿದಳು. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆಕೆ ಮೊದಲು ಹಾಡಿದ ಕಾಲದಲ್ಲಿ ಮೈಕು ಇರಲಿಲ್ಲ. ಗೋಡೆಯಿಂದ ತಗಡಿನ ದೊಡ್ಡ ಕಹಳೆಯೊಂದು ಚಾಚಿಕೊಂಡಿರುತ್ತಿತ್ತು. ಅದರ ಬಾಯಿಗೆ ಹಾಡಬೇಕು. ಗೋಡೆಯ ಆಚೆ ಮೇಣದ ಬಿಲ್ಲೆ ತಿರುಗುತ್ತಿರುತ್ತದೆ, ಸೂಜಿ ಕೊರೆಯುತ್ತಿರುತ್ತದೆ. ದನಿ ಸಣ್ಣಗಾದರೆ ಬಿಲ್ಲೆಯ ಮೇಲೆ ಏನೂ ಮೂಡುವುದಿಲ್ಲ. ದನಿ ಜೋರಾಗಿ ಏರಿದರೆ ಸೂಜಿ ಹಾರಿ ಮೇಣ ಹರಿದು ಇಡೀ ಹಾಡು ಹಾಳಾಗುತ್ತದೆ. ಅದಕ್ಕೆ ಕೆಳಗಿನ ಸ್ವರದಲ್ಲಿ ಮುಖವನ್ನು ಕಹಳೆಯ ಹತ್ತಿರ ಒಯ್ಯಬೇಕು, ಮೇಲಿನ ಸ್ವರ ಬರುವ ಮುಂಚೆ ಒಂದು ಮೊಳ ಹಿಂದಕ್ಕೆ ಸರಿಯಬೇಕು. ಹಾಡುವವರಿಗೆ ಹಾಡಿನ ಭರದಲ್ಲಿ ಅದು ನೆನಪಿರುವುದಿಲ್ಲ. ಆದ್ದರಿಂದ ಬೆನ್ನ ಹಿಂದೆ ಒಬ್ಬರು ನಿಂತು ಕತ್ತು ಹಿಡಿದು ನೂಕುವುದು, ಎಳೆಯುವುದು. ಪರಗಂಡಸು ಕತ್ತಿಗೆ ಕೈ ಹಾಕುವುದು ಬೇಡವೆಂದು ಗೋವಿಂದಪ್ಪನೇ ನಿಂತ. ಮೊದಲ ದಿನ ಮೂರು ಬಿಲ್ಲೆ ಹಾಳಾದವು. ಆ ಸಂಜೆ ಬಿಡಾರಕ್ಕೆ ಬಂದ ಮೇಲೆ ಅವನು ಹಾರ್ಮೋನಿಯಂ ಎತ್ತಿ ಅವಳ ಮೇಲೆ ಹಾಕಿದ. ಕೊರಳೆಲುಬು ಮುರಿದದ್ದು ಆಗ. ಕಟ್ಟು ಕಟ್ಟಿಸಿಕೊಂಡು ನಾಲ್ಕನೆಯ ದಿನ ಮತ್ತೆ ಹಾಡಿದಳು. ಆ ಸಲ ಬಿಲ್ಲೆ ಉಳಿಯಿತು. ಮುದಗಲ್ಲಿನಲ್ಲಿ ನಾನು ಚಿಕ್ಕವಳಿದ್ದಾಗ ಕೇಳಿದ ಪ್ಲೇಟು ಅದೇ ಇರಬಹುದು.

ಕೆಲವು ವರ್ಷಕ್ಕೆ ಕಂಪನಿಯವರು ಕರೆಂಟಿನ ಯಂತ್ರ ತಂದರು. ಇನ್ನು ಹಿಂದೆ ಮುಂದೆ ಸರಿಯುವುದು ಬೇಡ, ಒಂದೇ ಕಡೆ ನಿಂತು ಹಾಡಬಹುದು ಎಂದರು. ಗೋವಿಂದಪ್ಪ ಒಪ್ಪಲಿಲ್ಲ. ಕೈ ತೆಗೆದರೆ ಈಕೆಗೆ ಮೇಲಿನ ಸ್ವರ ಹತ್ತುವುದಿಲ್ಲ ಎಂದ. ಯಂತ್ರದವರು ನಕ್ಕು, ತೆಗೆದು ನೋಡಿ ಎಂದರು. ತೆಗೆದ. ನಿಜಕ್ಕೂ ಸ್ವರ ಹತ್ತಲಿಲ್ಲ. ಅಲ್ಲಿಂದ ಮುಂದೆ ಯಾರೂ ಆ ಮಾತೆತ್ತಲಿಲ್ಲ. ಉಳಿದ ಪ್ಲೇಟುಗಳಿಗೆಲ್ಲ, ಬೇಕಿಲ್ಲದ ಆ ಕೈಯನ್ನು ಕತ್ತಿನ ಮೇಲೆ ಹೊತ್ತುಕೊಂಡೇ ಅವಳು ಹಾಡಿದಳು. ಅವನು ಸತ್ತ ಮೇಲೆ ಒಬ್ಬಳೇ ಎಷ್ಟು ಸಲ ಹಾಡಿ ನೋಡಿದರೂ ದನಿ ಅಲ್ಲಿಯವರೆಗೆ ಬರುತ್ತದೆ, ನಿಲ್ಲುತ್ತದೆ.

"ಬಾಗಿಲಿಗೆ ಬಂದ ಎಮ್ಮಿ ಒಳಗ ಬರವೊಲ್ದು ಅಂತಾರಲ್ರಿ, ಹಂಗ," ಎಂದಳು.

ಶೇಷಪ್ಪ ಕಟ್ಟೆಯಿಂದಲೇ ಕೂಗಿದ. "ನಾ ಬರ್ತೀನಿ ಅಂದೀನಲ್ಲ! ಹೈದರಾಬಾದಿಗಿ ನಾನೂ ಬರ್ತೀನಿ, ನಾನ ಹಿಡೀತೀನಿ. ಕುತಿಗಿ ಹಿಡಿಯಾಕ ಗಂಡಸಿನ ಕೈ ಬೇಕು."

"ನಿನ್ನ ಕೈ ಹಾಡಿಗಿ ಹಿಡಿಯಂಗಿಲ್ಲೋ, ಜೀವಕ್ಕ ಹಿಡೀತೈತಿ," ಎಂದಳು ಅವಳು. ಆಮೇಲೆ ನನಗೆ ಹೇಳಿದಳು: ಹೋದ ಯುಗಾದಿಗೆ, ಅವಳು ಹೈದರಾಬಾದಿಗೆ ಹೋಗುವ ಮಾತೆತ್ತಿದ್ದಕ್ಕೆ, ಅವನು ಪೆಟ್ಟಿಗೆಯಿಂದ ಅವಳ ಪ್ಲೇಟುಗಳನ್ನು ತೆಗೆದು, ಒಂದೊಂದರ ಮೇಲೆ ಬರೆದ ಹಾಡಿನ ಹೆಸರು ಗಟ್ಟಿಯಾಗಿ ಓದಿ, ಅಂಗಳದ ಒಗೆಯುವ ಕಲ್ಲಿಗೆ ಬಡಿದಿದ್ದ. ಹನ್ನೊಂದು ಒಡೆದ ಮೇಲೆ ಓಣಿಯವರು ಬಂದು ಹಿಡಿದರು. ಅವಳನ್ನು ಹೈದರಾಬಾದಿಗೆ ಬಿಟ್ಟರೆ ಒಬ್ಬಳೇ ಹೋಗಿ ಅಲ್ಲೇ ಉಳಿದಾಳು ಎಂಬುದೇ ಅವನ ದಿಗಿಲು ಎಂದು ನನಗೆ ಆಗಲೇ ತಿಳಿಯಿತು. ಅವಳ ಆಸೆಯೂ ಅದೇ. ಆದರೆ ಹಿಡಿಯುವ ಕೈಯಿಲ್ಲದೆ ಹಾಡಲಾಗದು, ಹಿಡಿಯಲು ಇದ್ದ ಕೈ ಅವನದೊಂದೇ.

ಅಷ್ಟರಲ್ಲಿ ಪೇಟೆಯಿಂದ ಯಾರೋ ಬಂಡಿ ಬಂತೆಂದು ಕರೆದರು. ಶೇಷಪ್ಪ ಬೈಯುತ್ತ ಎದ್ದು ಹೋದ. ಅವನು ಓಣಿ ತಿರುಗುವವರೆಗೆ ಕಾದು ತುಂಗಾಬಾಯಿ ನನ್ನ ಹತ್ತಿರ ಸರಿದಳು.

"ಹೆಂಗಸು ಹಿಡದ್ರ ಹೆಂಗಾಗ್ತೈತಿ ನೋಡೂನು. ನೀವು ಹಿಡೀರಿ ಅಕ್ಕೋರ. ನಿಮ್ಮ ಕೈಯಾಗ ಬಂತಂದ್ರ ಅಲ್ಲಿ ನಿಮ್ಮ ಗೆಳತಿ ಹಿಡದ್ರೂ ಬರ್ತೈತಿ. ಈ ಕ್ವಾಣನ್ನ ಕಟಗೊಂಡು ಹೋಗದು ತಪ್ಪತೈತಿ."

ನಾನು ಒಪ್ಪಿದೆ. ಒಪ್ಪಿದ್ದಕ್ಕೆ ನನ್ನ ಲೆಕ್ಕ ಸರಳವಾಗಿತ್ತು. ಇದು ರೂಢಿಯಿಂದ ಬಂದ ನಂಬಿಕೆ. ಕೈ ಇದೆಯೆಂಬ ನಂಬಿಕೆ ಇದ್ದರೆ ಸಾಕು, ಯಾರ ಕೈಯಾದರೂ ಆದೀತು, ಬೆರಳು ತಾಗಿಸಿದರೂ ಆದೀತು. ನಾಲ್ಕು ಸಲ ನನ್ನ ಬೆರಳು ತಾಗಿ ಹಾಡಿದರೆ ಐದನೆಯ ಸಲ ತಾನೇ ಹಾಡುತ್ತಾಳೆ. ನನ್ನ ಕೈಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಶಾಲೆಯಲ್ಲಿ ಛಡಿಯಿಲ್ಲದೆ ಪಾಠ ಹೇಳುತ್ತಿದ್ದವಳು ನಾನೊಬ್ಬಳೇ. ಯಾವ ಹುಡುಗಿಗೂ ಒಂದು ಏಟು ಕೊಟ್ಟವಳಲ್ಲ, ದನಿ ಎತ್ತಿ ಬೈದವಳೂ ಅಲ್ಲ. ಆ ವರ್ಷ ನನ್ನ ಸ್ವಂತ ಜೀವನದಲ್ಲಿ ನಾನಿಲ್ಲಿ ಬರೆಯಲು ಇಚ್ಛಿಸದ ಒಂದೆರಡು ಸಂಗತಿಗಳು ನಡೆದಿದ್ದವು. ಆಗಲೂ ನಾನು ಯಾರಿಗೂ ಒಂದು ಮಾತು ಅಂದಿರಲಿಲ್ಲ. ಅದನ್ನು ನನ್ನ ಗುಣವೆಂದೇ ತಿಳಿದಿದ್ದೆ.

ಒಳಕೋಣೆಗೆ ಹೋದೆವು. ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದು ಕೋಣೆಯೆಲ್ಲ ಬೆಳ್ಳಗಿತ್ತು. ಗೋಡೆಯ ಮೇಲೆ ಮುಖದ ಎತ್ತರಕ್ಕೆ ಇದ್ದಿಲಿನಿಂದ ಬರೆದ ಒಂದು ಸುತ್ತು ಇತ್ತು. ಕಹಳೆಯ ಬಾಯಿ ಎಂದು ನೆನಸಿಕೊಂಡು ಗೋವಿಂದಪ್ಪ ಅಭ್ಯಾಸಕ್ಕೆ ಬರೆದದ್ದಂತೆ. ಅದಕ್ಕೆ ಗೇಣು ದೂರದಲ್ಲಿ ಮುಖವಿಟ್ಟು ಅವಳು ನಿಂತಳು. ನಾನು ಹಿಂದೆ ನಿಂತು ಬಲಗೈಯನ್ನು ಅವಳ ತುರುಬಿನ ಕೆಳಗೆ ಇಟ್ಟೆ. ಚರ್ಮ ಬೆವತಿತ್ತು. ಎಲ್ಲಿ ನೂಕಬೇಕು, ಎಲ್ಲಿ ಎಳೆಯಬೇಕು ಎಂದು ಕೇಳಿದ್ದಕ್ಕೆ, "ಹಾಡೋ ಮುಂದ ಹೆಂಗ ಹೇಳ್ಲಿ? ನೀವು ಸುಮ್ನ ಕೈ ಇಡ್ರಿ, ಸಾಕು," ಎಂದಳು.

ಹಾಡು ನಾನು ಎಂದೂ ಕೇಳಿದ್ದಲ್ಲ. ಪ್ಲೇಟಿಗೆ ಕೊಡದೆ ಉಳಿದುಹೋದ ಹಾಡು ಎಂದು ಆಮೇಲೆ ತಿಳಿಯಿತು. ಮದುವೆಯಾಗಿ ದೂರ ಹೋದ ಹೆಣ್ಣೊಬ್ಬಳು ದಾರಿಹೋಕರನ್ನು ತವರಿನ ದಾರಿ ಕೇಳುವುದು ಅದರ ಅರ್ಥ. ಮೊದಲ ನುಡಿ ಕೆಳಗಿನ ಸ್ವರದಲ್ಲಿತ್ತು. ಮೊದಲ ಸಾಲಿಗೇ ನನಗೆ ಶಾರದೆಗೆ ಏನು ಬರೆಯಬೇಕೆಂದು ಗೊತ್ತಾಯಿತು. ಕೋಣೆಯ ಗಾಳಿ ಆ ದನಿಗೆ ಸಾಲದು ಎನ್ನಿಸಿತು. ಎರಡನೆಯ ನುಡಿಯಲ್ಲಿ ಅವಳ ಮುಖ ಗೋಡೆಯ ಹತ್ತಿರಕ್ಕೆ ಹೋಯಿತು. ಅವಳೇ ಬಾಗಿದಳೆಂದುಕೊಂಡೆ. ಆಮೇಲೆ ನೋಡಿದರೆ ನನ್ನ ಮೊಣಕೈ ನೆಟ್ಟಗಾಗಿತ್ತು. ನೂಕಿದವಳು ನಾನು.

ಮೂರನೆಯ ನುಡಿಯ ನಡುವೆ ನನಗೆ ಗೊತ್ತಾಯಿತು. ಇದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಹೇಳಲು ನನಗೆ ಬಾರದು. ಕೆಮ್ಮು ಬರುವ ಮುಂಚೆ ಗಂಟಲಿಗೆ ಗೊತ್ತಾಗುವ ಹಾಗೆ, ಮೇಲಿನ ಸ್ವರ ಬರುತ್ತಿದೆಯೆಂದು ನನ್ನ ಕೈಗೆ ಗೊತ್ತಾಯಿತು. ಬೆರಳುಗಳು ಮುಚ್ಚಿಕೊಂಡವು. ನಾನು ಮುಚ್ಚಲಿಲ್ಲ. ಹೆಗಲಿನಿಂದ ಒಂದು ಭಾರ ಇಳಿದು ಬಂತು. ನಾನು ಎಳೆದೆ.

ದನಿ ಏರಿತು. 'ದಾರಿ' ಎಂಬ ಮಾತಿನ ಮೇಲೆ ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿ ನಿಂತಿತು. ಸಂಗೀತ ತಿಳಿಯದ ನನಗೂ ಅದು ಪೂರ್ತಿಯಾಯಿತೆಂದು ತಿಳಿಯಿತು. ಕೈ ಬಿಡಬೇಕಾಗಿತ್ತು. ಬಿಡಲಿಲ್ಲ. ಅದು ಅವಳನ್ನು ಮುಂದಕ್ಕೆ ನೂಕಿತು. ಹಣೆ ಗೋಡೆಗೆ ಬಡಿಯಿತು. ಮತ್ತೆ ಎಳೆಯಿತು, ಮತ್ತೆ ನೂಕಿತು. ಎರಡನೆಯ ಸಲಕ್ಕೆ ಸುಣ್ಣ ಉದುರಿತು, ಮೂರನೆಯ ಸಲಕ್ಕೆ ಇದ್ದಿಲಿನ ಸುತ್ತಿನ ನಡುವೆ ರಕ್ತ ಕಂಡಿತು. ಅಲ್ಲಿಯವರೆಗೂ ಅವಳ ಹಾಡು ನಿಂತಿರಲಿಲ್ಲ ಎಂಬುದು ಈಗಲೂ ನನ್ನ ಕಿವಿಯಲ್ಲಿದೆ. ಆಮೇಲೆ ಅದು ಹಾಡಾಗಿ ಉಳಿಯಲಿಲ್ಲ.

ನಾನು ಎಚ್ಚರವಾಗಿದ್ದೆ. ಎಲ್ಲವನ್ನೂ ನೋಡುತ್ತಿದ್ದೆ. ನನಗೆ ಭಯವಾಗಲಿಲ್ಲ, ಕರುಣೆಯೂ ಬರಲಿಲ್ಲ. ಬಂದದ್ದು ಸಿಟ್ಟು. ಯಾರ ಮೇಲೆ, ಯಾವುದಕ್ಕೆ ಎಂಬುದಿಲ್ಲದ ಸಿಟ್ಟು, ಕಂಠದವರೆಗೆ. ನನ್ನ ಬಾಯಿಂದ ಒಂದು ಬೈಗುಳ ಬಂತು. ಹಿಂದೆ ಎಂದೂ ಆಡಿರದ, ಮುಂದೆಯೂ ಆಡದ ಆ ಮಾತನ್ನು ಇಲ್ಲಿ ಬರೆಯಲಾರೆ.

ಶೇಷಪ್ಪ ಯಾವಾಗ ಮರಳಿ ಬಂದನೋ ತಿಳಿಯದು. "ಏ ಅಕ್ಕೋರ! ಅಕ್ಕೋರ, ಬಿಡ್ರಿ! ಸಾಯ್ತಾಳ್ರಿ ಆಕಿ!" ಎಂದು ಕೂಗುತ್ತ ಬಂದು ನನ್ನ ಮಣಿಕಟ್ಟು ಹಿಡಿದ. ಅರಳೆಯ ಅಂಡಿಗೆ ಎತ್ತುವ ಆ ಮನುಷ್ಯನಿಗೆ ನನ್ನ ಕೈ ಸಡಿಲಿಸಲಾಗಲಿಲ್ಲ. ಕಾಲನ್ನು ಗೋಡೆಗೆ ಒತ್ತಿ ಹಿಡಿದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. ಕಿರುಬೆರಳು ಲಟ್ಟೆಂದಿತು. ಆ ನೋವಿಗೆ ಕೈ ಮತ್ತೆ ನನ್ನದಾಯಿತು. ನಾನು ನೆಲಕ್ಕೆ ಕೂತುಬಿಟ್ಟೆ. ಅವನು ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು ನನ್ನ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದ.

"ಮಾವ," ಎಂದ. ಒಂದೇ ಸಲ, ಬಹಳ ಮೆಲ್ಲಗೆ.

ತುಂಗಾಬಾಯಿಯ ಹುಬ್ಬಿನ ಮೇಲೆ ಸೀಳಿತ್ತು. ರಕ್ತ ಮೂಗಿನ ಪಕ್ಕದಿಂದ ಇಳಿದು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಅವಳು ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ಕೂತಳು. ಶಾಪ ಹಾಕುತ್ತಾಳೆಂದು ಕಾದೆ.

"ಬಂತಲ್ರಿ," ಎಂದಳು. "ಮ್ಯಾಲಿನ ಸ್ವರ ಬಂತಲ್ಲ? ಕೇಳಿದ್ರಿಲ್ಲೋ?"

ನಾನು ಕಿರುಬೆರಳನ್ನು ಎಡಗೈಯಿಂದ ಹಿಡಿದುಕೊಂಡೆ.

"ಸರಿ ಜಾಗಾದಾಗ ಎಳದ್ರಿ. ಕೂದಲೆಳಿಯಷ್ಟು ಹಿಂದ ಮುಂದ ಆಗಲಿಲ್ಲ. ಆ ಜಾಗಾ ನನ್ನ ಗಂಡನ್ನ ಬಿಟ್ರ ಯಾರಿಗೂ ಗೊತ್ತಿದ್ದಿಲ್ಲ. ನಿಮಗ್ಯಾರು ಹೇಳಿದ್ರು?"

ದವಾಖಾನೆಯ ಕಾಂಪೌಂಡರ್ ಬಂದು ನಾಲ್ಕು ಹೊಲಿಗೆ ಹಾಕಿದ. ನನ್ನ ಬೆರಳಿಗೂ ಪಟ್ಟಿ ಸುತ್ತಿದ. ಬಚ್ಚಲಲ್ಲಿ ಇಬ್ಬರೂ ಜಾರಿದರು ಎಂದು ಶೇಷಪ್ಪ ಹೇಳಿದ. ಅವಳೂ ಹೂಂ ಅಂದಳು, ನಾನೂ ಹೂಂ ಅಂದೆ. ಸಂಜೆಯ ಮೋಟಾರಿನವರೆಗೆ ಅವನು ನನ್ನನ್ನು ಕಳಿಸಲು ಬಂದ. ನನ್ನಿಂದ ನಾಲ್ಕು ಮಾರು ದೂರದಲ್ಲಿ ನಡೆದ.

ಮರುದಿನ ಎಡಗೈಯಿಂದ ಶಾರದೆಗೆ ಬರೆದೆ: 'ಧ್ವನಿ ಪೂರ್ತಿಯಾಗಿದೆ. ಕರೆಸು.' ಉಳಿದದ್ದನ್ನು ಬರೆಯಲಿಲ್ಲ. ಹದಿನೈದು ದಿನಕ್ಕೆ ಮಸ್ಕಿಯಿಂದ ಯಾರೋ ಬರೆದುಕೊಟ್ಟ ಒಂದು ಕಾರ್ಡು ಬಂತು. ರೇಡಿಯೋದ ದಿನ ಗೊತ್ತಾಗಿದೆ, ಅಕ್ಕೋರು ಜೊತೆಗೆ ಬರಬೇಕು, ಬಂದು ಹಿಡಿಯಬೇಕು, ನಿಮ್ಮ ಕೈ ಬಿಟ್ಟರೆ ನನಗೆ ದಿಕ್ಕಿಲ್ಲ ಎಂದು ಅದರಲ್ಲಿತ್ತು. ಆ ಕಾರ್ಡನ್ನು ಎರಡು ದಿನ ಇಟ್ಟುಕೊಂಡೆ. ಹೋಗದಿದ್ದರೆ ದನಿ ಏರದೆ, ಊರೆಲ್ಲ ಕೇಳುತ್ತಿರುವಾಗ ನಡುವೆ ನಿಂತು, ಅವಳು ಜೀವನಪೂರ್ತಿ ಶೇಷಪ್ಪನ ಕೈಕೆಳಗೆ ಮರಳಬೇಕು. ಹೋದರೆ ಆ ಕೈಯನ್ನು ಮತ್ತೆ ಅವಳ ಕತ್ತಿನ ಮೇಲೆ ಇಡಬೇಕು. 'ನಿಮಗೆ ಯಾರ ಕೈಯೂ ಬೇಕಿಲ್ಲ, ಒಬ್ಬರೇ ಹೋಗಿರಿ' ಎಂದು ಉತ್ತರ ಬರೆದೆ. ಅದು ನಿಜವೆಂದು ನನಗೆ ಗೊತ್ತಿರಲಿಲ್ಲ. ನನಗೆ ಹೋಗುವ ಧೈರ್ಯವಿರಲಿಲ್ಲ, ಅಷ್ಟೆ.

ಶೇಷಪ್ಪನೂ ಹೋಗಲಿಲ್ಲ. ಆ ದಿನದಿಂದ ಅವನು ಒಳಕೋಣೆಗೆ ಕಾಲಿಡಲಿಲ್ಲವೆಂದೂ ಅಕ್ಕನ ಮೇಲೆ ಕೈ ಎತ್ತಲಿಲ್ಲವೆಂದೂ ಆಮೇಲೆ ಕೇಳಿದೆ. ಅವಳ ಟ್ರಂಕು ಹೊತ್ತು ರಾಯಚೂರಿನ ಸ್ಟೇಷನ್ನಿಗೆ ಬಂದು ಗಾಡಿ ಹತ್ತಿಸಿದವನು ಅವನೇ.

ಲಿಂಗಸೂಗೂರಿನಲ್ಲಿ ಆಗ ರೇಡಿಯೋ ಇದ್ದ ಮನೆಗಳು ಎರಡೋ ಮೂರೋ. ಮುನ್ಸಿಫರ ಮನೆಯ ಪಡಸಾಲೆಯಲ್ಲಿ ಸಂಜೆ ಹತ್ತು ಹನ್ನೆರಡು ಜನ ಕೂಡಿದ್ದರು. ನಾನು ಮೂಲೆಯಲ್ಲಿ ಕೂತೆ. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದೆ. ನನ್ನ ಮುಂದೆ ಮುನ್ಸಿಫರ ಚಿಕ್ಕ ಮಗಳು ಕೂತಿದ್ದಳು. ಅವಳ ಜಡೆಯ ಕೆಳಗಿನ ಕತ್ತು ನನಗೆ ಕೈಯಳತೆಯಲ್ಲಿತ್ತು. ಎದ್ದು ಬೇರೆ ಕಡೆ ಕೂತೆ.

ಮೊದಲ ಎರಡು ಹಾಡು ಹಳೆಯ ಪ್ಲೇಟಿನವು. ಮೂರನೆಯದು ಅದೇ ತವರಿನ ಹಾಡು. ಎರಡನೆಯ ನುಡಿ ಮುಗಿಯಿತು. ಮೂರನೆಯದು ಶುರುವಾಯಿತು. ನಾನು ಹಲ್ಲು ಕಚ್ಚಿ ಕಾದೆ. ಅವಳಿಗೆ ಅಲ್ಲೇನಾದರೂ ಆಗಬೇಕು, ಇಲ್ಲವೇ ನನಗೆ ಇಲ್ಲೇನಾದರೂ ಆಗಬೇಕು. ಎರಡೂ ಆಗಲಿಲ್ಲ. ಮೇಲಿನ ಸ್ವರ ಬರುತ್ತಿದೆಯೆಂದು ನನಗೆ ಯಾವ ಸೂಚನೆಯೂ ಸಿಗಲಿಲ್ಲ. ಅದು ಬಂದು, ಏರಿ, ತನಗೆ ಬೇಕಾದಷ್ಟು ಹೊತ್ತು ನಿಂತು ಇಳಿದು ಹೋದ ಮೇಲೆಯೇ ಆಯಿತೆಂದು ನನಗೆ ತಿಳಿದದ್ದು. "ಏನು ದಮ್ಮು ರೀ ಆಕಿದು! ಎಲ್ಲೂ ಉಸುರು ತಗೊಂಡಿದ್ದ ಗೊತ್ತಾಗಲಿಲ್ಲ," ಎಂದರು ಮುನ್ಸಿಫರ ತಾಯಿ. ನನ್ನ ಕೈ ಸೆರಗಿನೊಳಗೆ ಬೆವತು ಸುಮ್ಮನೆ ಬಿದ್ದಿತ್ತು. ಹಿಂದೆ ಯಾರೂ ಇರಲಿಲ್ಲ, ಬಾಯಿಯವರು ಒಬ್ಬರೇ ಮೈಕಿನ ಮುಂದೆ ನಿಂತು ಹಾಡಿದರು ಎಂದು ಶಾರದೆ ಆಮೇಲೆ ಬರೆದಳು. ಮುಂದಿನ ತಿಂಗಳಿಗೂ ಕರೆದಿದ್ದರು. ಅವಳು ಹೈದರಾಬಾದಿನಲ್ಲೇ ಉಳಿದಳು.

ಎಲ್ಲರಿಗೂ ಒಳ್ಳೆಯದಾಯಿತು. ನನ್ನ ಸಂಕಟ ಶುರುವಾದದ್ದು ಆಗ. ಸತ್ತವನು ತನ್ನ ಜಾಗವನ್ನು ಬಿಡಲೊಲ್ಲದೆ ಬಂದಿದ್ದನೆಂದು, ನನ್ನ ಓದನ್ನೆಲ್ಲ ಬದಿಗಿಟ್ಟು, ನಾನು ಒಳಗೊಳಗೆ ನಂಬಿಕೊಂಡಿದ್ದೆ. ಆ ನಂಬಿಕೆಯಲ್ಲಿ ನನಗೊಂದು ನೆಮ್ಮದಿಯಿತ್ತು. ಆದರೆ ಅವನು ಬರುವುದಾದರೆ ಬರಬೇಕಾದದ್ದು ಹೈದರಾಬಾದಿಗೆ, ಅವಳು ಅವನಿಲ್ಲದೆ ಹಾಡಿದ ಆ ಸಂಜೆ. ಬರಲಿಲ್ಲ. ಬಂದೇ ಇರಲಿಲ್ಲವೆಂದರೆ, ಕೇಳಿರದ ಹಾಡಿನಲ್ಲಿ ಎಳೆಯುವ ಜಾಗ ನನಗೆ ಹೇಗೆ ಗೊತ್ತಾಯಿತು? ಈ ಎರಡರ ನಡುವೆ ವರ್ಷಗಟ್ಟಲೆ ಸುತ್ತಿದ್ದೇನೆ.

ಮುಂದಿನ ವರ್ಷ ಮುದಗಲ್ಲಿನ ಒಂದು ಮದುವೆಗೆ ಹಾಡಲು ಹೋಗುವಾಗ ತುಂಗಾಬಾಯಿ ಲಿಂಗಸೂಗೂರಿನಲ್ಲಿ ಇಳಿದು ನಮ್ಮ ಮನೆಗೆ ಬಂದಳು. ಮೈ ತುಂಬಿಕೊಂಡಿತ್ತು. ಹುಬ್ಬಿನ ಮೇಲಿನ ಗಾಯ ಬಿಳಿಯ ಗೆರೆಯಾಗಿತ್ತು. ಚಹಾ ಕುಡಿದು ಎಲೆ ಹಾಕಿಕೊಂಡಳು. ಹೈದರಾಬಾದಿನ ನೀರು, ಅಲ್ಲಿನ ಜಟಕಾದವರ ಬಾಯಿ, ಶಾರದೆಯ ಕನ್ನಡ, ಎಲ್ಲದರ ಬಗ್ಗೆ ನಗಿಸುತ್ತ ಮಾತಾಡಿದಳು. ಮೋಟಾರಿಗೆ ಹೊತ್ತಾಗುತ್ತ ಬಂದಾಗ ನಾನು ಕೇಳಿಯೇಬಿಟ್ಟೆ. ಗೋವಿಂದಪ್ಪನವರು ಹಿಡಿಯುತ್ತಿದ್ದಾಗಲೂ ಅವತ್ತಿನ ಹಾಗೇ ಇರುತ್ತಿತ್ತೇ ಎಂದೆ.

ಅವಳು ಎಲೆ ಅಗಿಯುವುದನ್ನು ನಿಲ್ಲಿಸಿದಳು. ನನ್ನ ಬಲಗೈ ತೆಗೆದುಕೊಂಡು ತಿರುಗಿಸಿ ನೋಡಿದಳು. ಸೊಟ್ಟಗಾದ ಕಿರುಬೆರಳನ್ನು ಸವರಿದಳು.

"ಗಂಡ ನನ್ನ ಬಡದಾನ. ಎಲುಬು ಮುರದಾನ. ಅದನ್ನ ಯಾಕ ಮುಚ್ಚಿಡ್ಲಿ? ಆದ್ರ ಹಾಡೋ ಹೊತ್ತಿನಾಗ ಅಂವನ ಕೈ ಭಾಳ ಹಗುರ ಇರ್ತಿತ್ತು. ಎಳದದ್ದ ನನಗ ಗೊತ್ತಾಗ್ತಿದ್ದಿಲ್ಲ."

"ಹಂಗಾದ್ರ ಅವತ್ತು?"

ಹೊರಗೆ ಮೋಟಾರಿನವನು ಹಾರನ್ ಹೊಡೆಯುತ್ತಿದ್ದ. ಅವಳು ಎದ್ದಳು.

"ಎಳಿಯೋ ಜಾಗಾ ಅಂವಂದ ಅಕ್ಕೋರ," ಎಂದಳು. "ಕಸುವು ಅಂವಂದಲ್ಲ."

ಹಾಗೆಂದು ನನ್ನ ಕೈಯನ್ನು, ಒಡೆಯುವ ಸಾಮಾನು ಇಡುವ ಹಾಗೆ, ನನ್ನ ತೊಡೆಯ ಮೇಲೆ ಇಟ್ಟು ಹೋದಳು.